ಕಲ್ಲುಮರಡಿ ಜಮೀನಿನಲ್ಲಿ ಬಹುಕಾಲ ಬಾಳುವ ಆಹಾರದ ತೋಟ

(ಹಿರೇಹಡಗಲಿ ಮತ್ತು ಅದರ ಸುತ್ತಣ ಸೀಮೆಯ ಜಮೀನುದಾರರಿಗೂ ಊರ ಹಿರಿಯರಿಗೂ ತಿಳುವಳಿಕೆ)

ತುಂಗಭದ್ರೆಯ ಕಡೆಯ ಎರೆಭೂಮಿಯನ್ನೂ, ನೀರಿನ ಅನುಕೂಲವುಳ್ಳ ಮಸಾರಿಯನ್ನೂ ಬಿಟ್ಟರೆ, ಹಿರೇಹಡಗಲಿ, ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಈ ಸೀಮೆಗಳಲ್ಲಿ ಅನೇಕ ರೈತರ ಪಟ್ಟೆಗೆ ಒಂದೆರಡು ಎಕರೆಗಳಷ್ಟಾದರೂ ಮರಡಿ ಜಮೀನು ಸೇರಿರುತ್ತದೆ. ನೇಗಿಲಿನ ಕುಳವು ಅರ್ಧ ಅಡಿ ಇಳಿಯುವುದರೊಳಗಾಗಿ ಕಲ್ಲಿಗೆ ತಾಗುವ, ಮೇಲೆ ತೆಳ್ಳನೆಯ ಕೆಮ್ಮಣ್ಣು, ಕೆಳಗೆ ಗರಸು ಇರುವ ಈ ನೆಲವನ್ನು ಯಾರೂ ಹೊಲವೆಂದು ಮನಸಾರೆ ಕರೆಯುವುದಿಲ್ಲ. ಮಳೆ ಚೆನ್ನಾಗಿ ಬಿದ್ದ ವರ್ಷ ಹುರುಳಿಯನ್ನೋ ಸಜ್ಜೆಯನ್ನೋ ಎರಚುವುದು, ಬಿತ್ತಿದ ಬೀಜವಾದರೂ ಹಿಂದಕ್ಕೆ ಬಂದರೆ ಸಾಕೆಂದುಕೊಳ್ಳುವುದು, ಉಳಿದ ವರ್ಷಗಳಲ್ಲಿ ಕುರಿಮೇಕೆಗಳಿಗೆ ಬಿಟ್ಟುಬಿಡುವುದು, ಇದೇ ರೂಢಿಯಾಗಿದೆ. ಇಂಥಾ ನೆಲವೊಂದನ್ನೇ ನಂಬಿರುವ ಕುಟುಂಬಗಳು ಸುಗ್ಗಿ ಮುಗಿದೊಡನೆ ಮನೆಗೆ ಬೀಗವಿಕ್ಕಿ ಗುಳೆ ಹೋಗುವುದನ್ನು ಈ ಕರಪತ್ರವನ್ನೋದುವವರು ಪ್ರತಿವರ್ಷವೂ ಕಣ್ಣಾರೆ ಕಾಣುತ್ತಿರುವರಷ್ಟೆ.

ಈ ಜಮೀನಿನಲ್ಲಿ ಫಸಲು ಬಾರದೆಂಬುದು ನಿಜವಲ್ಲ. ನಾಲ್ಕು ತಿಂಗಳಲ್ಲಿ ಹುಟ್ಟಿ, ಬೆಳೆದು, ಕೊಯ್ಲಿಗೆ ಬರತಕ್ಕ ಫಸಲು ಬಾರದೆಂಬುದೇ ನಿಜ. ಜೋಳದ ಪೈರಿಗೆ ಮೇಲಿನ ಒಂದೆರಡು ಅಡಿ ಮಣ್ಣೇ ಸರ್ವಸ್ವವು. ಎರಡು ಮಳೆಗಳ ನಡುವೆ ಇಪ್ಪತ್ತು ದಿನಗಳ ಅಂತರವಾದರೆ ಆ ತೆಳುಮಣ್ಣು ಆರಿಹೋಗುತ್ತದೆ, ಪೈರೂ ಅದರೊಂದಿಗೆ ಹೋಗುತ್ತದೆ. ಮರದ ಸಂಗತಿ ಬೇರೆ. ಕಲ್ಲಿನ ಸಂದುಗಳಲ್ಲಿ, ಗರಸಿನ ಪದರಗಳಲ್ಲಿ ಇಳಿದು ನಿಂತ ನೀರನ್ನು ಅದರ ಬೇರು ಹುಡುಕಿಕೊಂಡು ಹೋಗಬಲ್ಲದು. ಮಳೆ ತಪ್ಪಿದ ವರ್ಷ ಬೋರೆಯ ಗಿಡವು ಕಾಯಿ ಕಡಮೆ ಬಿಟ್ಟೀತು, ಆದರೆ ಸಾಯುವುದಿಲ್ಲ. ಮುಂದಿನ ವರ್ಷ ಅದನ್ನು ಪುನಃ ಬಿತ್ತಬೇಕಾದ್ದೂ ಇಲ್ಲ. ಧಾತು ಈಶ್ವರ ಸಂವತ್ಸರಗಳ (1876–78) ಮಹಾಕ್ಷಾಮದಲ್ಲಿ ಅತ್ಯಂತ ಕಷ್ಟಕ್ಕೊಳಗಾದ ಸೀಮೆಗಳಲ್ಲಿ ಬಳ್ಳಾರಿ ಜಿಲ್ಲೆಯೂ ಒಂದು. ಹಿರೇಹಡಗಲಿಯು ಆಗ ಆ ಜಿಲ್ಲೆಗೇ ಸೇರಿತ್ತು. 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಜಿಲ್ಲೆಯ ಹೆಸರು ಬದಲಾದರೂ ಆಕಾಶದ ಸ್ವಭಾವ ಬದಲಾಗಿಲ್ಲ. ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ಮೈಲಾರದ ಕಾರ್ಣಿಕವನ್ನು ಕೇಳಿ, ಅದರಿಂದ ಮಳೆಬೆಳೆಯ ಅರ್ಥವನ್ನು ತೆಗೆಯುವುದು ಇಂದಿಗೂ ನಡೆದಿದೆ, ಕೇಳಲಿ, ತಪ್ಪೇನಿಲ್ಲ. ಆದರೆ ಕಾರ್ಣಿಕವು ಹೇಗೆ ಬಂದರೂ ಬದುಕಿರತಕ್ಕ ಗಿಡಗಳು ಹೊಲದಲ್ಲಿ ಹದಿನೈದಾದರೂ ಇರುವುದು ಒಳ್ಳೆಯದು.

ಆದುದರಿಂದ ಈ ಕರಪತ್ರದಲ್ಲಿ ಸೂಚಿಸತಕ್ಕ ತೋಟಕ್ಕೆ ಒಂದೇ ಕಟ್ಟಳೆ: ಒಡೆಯನು ಊರಲ್ಲಿಲ್ಲದ ಮಾಘದಿಂದ ವೈಶಾಖದವರೆಗಿನ ಕಾಲವನ್ನು ಅದು ತಾನಾಗಿಯೇ ಕಳೆಯುವಂತಿರಬೇಕು. ಈ ಪರೀಕ್ಷೆಯಲ್ಲಿ ನಿಲ್ಲದ ಗಿಡವು ಎಷ್ಟೇ ಬೆಲೆ ಬಾಳುವುದಾದರೂ ಮರಡಿಗೆ ತಕ್ಕುದಲ್ಲ. ಮೊದಲೇ ಸ್ಪಷ್ಟವಾಗಿ ಹೇಳುವುದು ಲೇಸು: ಆರೈಕೆ ಕಡಮೆಯೆಂದರೆ ಮೊದಲಿನಿಂದಲೂ ಕಡಮೆಯೆಂದರ್ಥವಲ್ಲ. ಮೊದಲ ವರ್ಷ ದುಡಿಮೆ ಬಹಳ, ಎರಡನೆಯ ಮೂರನೆಯ ವರ್ಷಗಳಲ್ಲಿ ಸಾಧಾರಣ, ಅನಂತರ ಅತ್ಯಲ್ಪ.

ನೆಲದ ಪರೀಕ್ಷೆ.—ಮರಡಿಯೆಲ್ಲವೂ ಒಂದೇ ಬಗೆಯದಲ್ಲ. ಬೇವು, ಬೋರೆ, ಜಾಲಿ, ಬಂದರಿ ಗಿಡಗಳು ತಾವಾಗಿ ಎದ್ದಿರುವ ಕಡೆ ಬೇರಿಗೆ ದಾರಿಯಿದೆಯೆಂದು ತಿಳಿಯಬಹುದು. ಹುಲ್ಲೂ ಸಹ ವಿರಳವಾಗಿ, ಕಲ್ಲಿನ ಬೆನ್ನು ಹಾಸಿನಂತೆ ಕಾಣುವ ಕಡೆ ಗುಂಡಿ ತೋಡುವುದು ವ್ಯರ್ಥ. ಸಂದೇಹವಿದ್ದಲ್ಲಿ ಹಾರೆಯಿಂದ ಎರಡು ಅಡಿ ಗುಂಡಿ ತೋಡಿ ಅದರೊಳಕ್ಕೆ ನಾಲ್ಕು ಕೊಡ ನೀರನ್ನು ಸುರಿಯತಕ್ಕದ್ದು. ಒಂದು ಹಗಲು ಒಂದು ರಾತ್ರಿಯೊಳಗಾಗಿ ನೀರು ಇಂಗಿದರೆ ಕೆಳಗೆ ಒಡಕು ಕಲ್ಲು ಅಥವಾ ಗರಸು ಇದೆಯೆಂದೂ, ಮರುದಿನವೂ ಹಾಗೆಯೇ ನಿಂತಿದ್ದರೆ ಅಖಂಡವಾದ ಬಂಡೆಯಿದೆಯೆಂದೂ ತಿಳಿಯಬಹುದು. ಬಂಡೆಯಿದ್ದಲ್ಲಿ ಹಟ ಹಿಡಿಯದೆ ನಾಲ್ಕಾರು ಗಜ ಸರಿದು ನೋಡಬೇಕು. ಮರಡಿಯಲ್ಲಿ ಗಿಡಗಳ ಸಾಲು ನೂಲು ಹಿಡಿದಂತೆ ನೇರವಾಗಿರಬೇಕೆಂಬ ಆಸೆಯನ್ನು ಬಿಡಬೇಕು. ನೆಲವು ಕೊಟ್ಟ ಸ್ಥಳವೇ ಗಿಡದ ಸ್ಥಳವು.

ಮೊದಲ ವರ್ಷ 10 ಗುಂಟೆಗಿಂತ ಹೆಚ್ಚಿಗೆ ಹಿಡಿಯಬಾರದು. ಐದೆಕರೆಗೆ ಒಂದೇ ಸಲ ಗುಂಡಿ ತೋಡಿಸಿ, ಸಸಿಗಳನ್ನು ಗಾಡಿಯಲ್ಲಿ ತಂದು ನೆಟ್ಟು, ಮುಂದಿನ ಯುಗಾದಿಗೆ ಒಣಕಡ್ಡಿಗಳನ್ನು ಎಣಿಸುವವರು ಎಲ್ಲ ಕಡೆಯೂ ಇದ್ದಾರೆ. 10 ಗುಂಟೆಗೆ ಹದಿನೈದು ಗುಂಡಿಗಳು ಸಾಕು. ಅವು ಬದುಕಿದ ಮೇಲೆ ಮುಂದಿನ ಹದಿನೈದು.

ಕಲ್ಲು ಮತ್ತು ನೀರು.—ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು 20ರಿಂದ 25 ಅಂಗುಲ ಮಳೆ ಬೀಳುತ್ತದೆ. 22 ಅಂಗುಲವೆಂದು ಇಟ್ಟುಕೊಂಡರೂ ಒಂದು ಎಕರೆಯ ಮೇಲೆ ಬೀಳುವ ನೀರು 22 ಲಕ್ಷ ಲೀಟರುಗಳಿಗೂ ಮೇಲ್ಪಟ್ಟುದು. ನೀರಿಲ್ಲವೆಂದು ನಾವು ಹೇಳುತ್ತೇವೆ. ವಾಸ್ತವವಾಗಿ ನೀರು ಬಂದು, ನಿಲ್ಲದೆ, ಮೇಲುಮಣ್ಣನ್ನೂ ಕರೆದುಕೊಂಡು ಹಳ್ಳಕ್ಕೆ ಇಳಿದುಹೋಗುತ್ತದೆ. ಅದನ್ನು ತಡೆಯತಕ್ಕ ಸಾಮಗ್ರಿಯು ಕಾಸಿನ ಖರ್ಚಿಲ್ಲದೆ ಅದೇ ಹೊಲದಲ್ಲಿ ಬಿದ್ದಿದೆ. ಅದು ಕಲ್ಲೇ.

ತಲೆಗಾತ್ರದ ಕಲ್ಲುಗಳನ್ನು ಆರಿಸಿ ಇಳಿಜಾರಿಗೆ ಅಡ್ಡವಾಗಿ ಒಡ್ಡುಗಳನ್ನು ಹಾಕತಕ್ಕದ್ದು. ಅರ್ಧ ಅಡಿ ಪಾಯ ತೆಗೆದು, ದೊಡ್ಡ ಕಲ್ಲುಗಳನ್ನು ಕೆಳಗೂ ಚಿಕ್ಕವನ್ನು ಮೇಲುಗಡೆಯ ಸಂದುಗಳಲ್ಲಿಯೂ ಇಟ್ಟು, ಒಂದರಿಂದ ಒಂದೂವರೆ ಅಡಿ ಎತ್ತರಕ್ಕೆ ಕಟ್ಟಿದರೆ ಸಾಕು. ಮಣ್ಣು ಮೆತ್ತಿ ಸಂದುಗಳನ್ನು ಮುಚ್ಚಬಾರದು. ನೀರು ನಿಧಾನವಾಗಿ ಸೋಸಿ ಹೋಗಿ ಮಣ್ಣು ಹಿಂದೆ ಉಳಿಯುವುದೇ ಇದರ ಉದ್ದೇಶವು. ಒಡ್ಡು ಎಲ್ಲೆಡೆ ಒಂದೇ ಮಟ್ಟದಲ್ಲಿರುವುದು ಅತ್ಯಾವಶ್ಯಕ. ಒಂದು ಕಡೆ ತಗ್ಗಿದರೂ ನೀರೆಲ್ಲವೂ ಅಲ್ಲಿಗೇ ನುಗ್ಗಿ ಕೊರಕಲು ಬೀಳುತ್ತದೆ. ಮಟ್ಟ ನೋಡುವುದಕ್ಕೆ ನೀರು ತುಂಬಿದ ಉದ್ದನೆಯ ಪಾರದರ್ಶಕ ಕೊಳವೆ ಸಾಕು. ಗಾರೆಕೆಲಸದವರೆಲ್ಲರ ಬಳಿಯೂ ಇದು ಇರುತ್ತದೆ. ಅದಕ್ಕಿಂತಲೂ ಮೊದಲು ಮಾಡಬೇಕಾದ ಕೆಲಸವೊಂದಿದೆ. ಬಿರುಮಳೆ ಸುರಿಯುತ್ತಿರುವಾಗ ಗೊಂಗಡಿ ಹೊದ್ದು ಹೊಲದಲ್ಲಿ ಒಂದು ತಾಸು ನಿಂತು, ನೀರು ಎಲ್ಲಿಂದ ಬಂದು ಎಲ್ಲಿಗೆ ಹರಿಯುವುದೆಂದು ನೋಡಬೇಕು. ಆ ಒಂದು ತಾಸಿನಲ್ಲಿ ತಿಳಿಯುವಷ್ಟು ಬೇರೆ ಯಾವುದರಿಂದಲೂ ತಿಳಿಯದು. ಇದಲ್ಲದೆ ಒಂದೊಂದು ಗಿಡಕ್ಕೂ ಅದರ ಕೆಳಗಡೆ ಅರ್ಧಚಂದ್ರಾಕಾರದ ಬದುವನ್ನು, ತುದಿಗಳು ಏರುಗಡೆಗಿರುವಂತೆ, ಹಾಕತಕ್ಕದ್ದು. ಗಿಡದ ಮೇಲುಗಡೆ 10 ಅಡಿ ಉದ್ದ 10 ಅಡಿ ಅಗಲದ ನೆಲದಿಂದ ನೀರು ಇಳಿದು ಬಂದರೆ, ಒಂದು ಅಂಗುಲ ಮಳೆಗೆ ಆ ನೆಲದ ಮೇಲೆ ಸುಮಾರು 235 ಲೀಟರು ಬೀಳುತ್ತದೆ. ಅದರಲ್ಲಿ ಕಾಲುಭಾಗ ಮಾತ್ರ ಹರಿದು ಬಂದರೂ ನಾಲ್ಕು ಕೊಡದಷ್ಟು ನೀರನ್ನು ಯಾರೂ ಹೊರದೆ ಗಿಡದ ಬುಡಕ್ಕೆ ಹಾಕಿದಂತಾಯಿತು.

ಎಲ್ಲ ಕಲ್ಲುಗಳನ್ನೂ ಆರಿಸಿ ತೆಗೆದು ಹೊಲವನ್ನು ಬೋಳು ಮಾಡುವುದು ದೊಡ್ಡ ತಪ್ಪು. ಮುಷ್ಟಿಗಾತ್ರದ ಕಲ್ಲುಗಳು ನೆಲಕ್ಕೆ ಹೊದಿಕೆ ಇದ್ದಂತೆ. ಬೇಸಗೆಯಲ್ಲಿ ಇಂಥಾ ಕಲ್ಲೊಂದನ್ನು ಎತ್ತಿ ಅದರಡಿಯ ಮಣ್ಣನ್ನು ಮುಟ್ಟಿ ನೋಡಿದವರಿಗೆ ಹೆಚ್ಚು ಹೇಳಬೇಕಾದ್ದಿಲ್ಲ. ಗಿಡದ ಸುತ್ತ ಮೊದಲು ಒಣ ಎಲೆ ಅಥವಾ ಹುಲ್ಲನ್ನು ನಾಲ್ಕು ಅಂಗುಲ ಹರಡಿ, ಅದರ ಮೇಲೆ ಈ ಕಲ್ಲುಗಳನ್ನು ಹೊಂದಿಸಿಟ್ಟರೆ ತೇವ ಆರುವುದು ಬಹಳ ಮಟ್ಟಿಗೆ ಕಡಮೆಯಾಗುತ್ತದೆ, ಗಾಳಿಗೆ ಎಲೆಯೂ ಹಾರದು. ಕಾಂಡದಿಂದ ಒಂದು ಗೇಣಿನಷ್ಟು ಜಾಗವನ್ನು ಬಿಡಬೇಕು; ಬಿಸಿಲಿಗೆ ಕಾದ ಕಲ್ಲು ಎಳೆಯ ತೊಗಟೆಯನ್ನು ಸುಡುತ್ತದೆ.

ಬೇಲಿ.—ಗಿಡ ನೆಟ್ಟು ಬೇಲಿ ಹಾಕುವುದಲ್ಲ, ಬೇಲಿ ಹಾಕಿ ಗಿಡ ನೆಡುವುದು. ಮರಡಿಯ ತೋಟಗಳು ನೀರಿಲ್ಲದೆ ಕೆಟ್ಟುದಕ್ಕಿಂತ ಮೇಕೆಯ ಬಾಯಿಂದ ಕೆಟ್ಟುದೇ ಹೆಚ್ಚು. ಮೊದಲ ವರ್ಷ ಬಳ್ಳಾರಿ ಜಾಲಿಯ ಮುಳ್ಳನ್ನು ಕಡಿದು ಒತ್ತಾಗಿ ಹಾಕಿದರೆ ಎರಡು ಮಳೆಗಾಲ ತಡೆಯುತ್ತದೆ. ಆದರೆ ಬೀಜವಿರುವ ಕಾಯಿಯುಳ್ಳ ಕೊಂಬೆಗಳನ್ನು ತರಬಾರದು. ಈ ಗಿಡವು ಬಳ್ಳಾರಿಯ ಹೆಸರನ್ನು ಹೊತ್ತಿದ್ದರೂ ನಮ್ಮ ನೆಲದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕಾ ಖಂಡದಿಂದ ಹಿಂದೂದೇಶಕ್ಕೆ ತಂದುದು. ಸೌದೆಗೆ ಉಪಕಾರಿಯಾದರೂ ಒಮ್ಮೆ ಹೊಲದೊಳಗೆ ಬೇರೂರಿದರೆ ಕಿತ್ತು ಮುಗಿಸುವುದು ಕಷ್ಟ.

ಮುಳ್ಳಿನ ಬೇಲಿಯು ಕೊಳೆಯುವುದರೊಳಗಾಗಿ ಅದರ ಒಳಮಗ್ಗುಲಲ್ಲಿ ಜೀವದ ಬೇಲಿ ಎದ್ದಿರಬೇಕು. ಕಳ್ಳಿ, ಕತ್ತಾಳೆಗಳು ಎಲ್ಲರಿಗೂ ತಿಳಿದವೇ. ಅವುಗಳಿಗಿಂತ ನಮ್ಮ ಆದ್ಯತೆ ಕವಳಿ ಗಿಡಕ್ಕೆ. ಅದರ ಮುಳ್ಳಿನ ಮೊನಚನ್ನು ದನಗಾಹಿ ಹುಡುಗರು ಬಲ್ಲರು. ಅದರ ಕಾಯಿಯ ಉಪ್ಪಿನಕಾಯಿಯ ರುಚಿಯನ್ನು ಅವರ ತಾಯಂದಿರು ಬಲ್ಲರು. ಬೇಸಗೆಯ ಕೊನೆಗೆ ಹಣ್ಣಾದಾಗ ಬೀಜವನ್ನು ತೆಗೆದು, ಬಹಳ ದಿನ ಇಡದೆ, ಮೊದಲ ಮಳೆಗೇ ಒಂದೂವರೆ ಅಡಿಗೊಂದರಂತೆ ಎರಡು ಸಾಲು ಊರತಕ್ಕದ್ದು. ಬೀಜವು ಹಳೆಯದಾದರೆ ಮೊಳೆಯದು. ನಾಲ್ಕನೆಯ ವರ್ಷಕ್ಕೆ ಬೇಲಿಯೇ ಒಂದು ಫಸಲಾಗುತ್ತದೆ.

ಗುಂಡಿ ಮತ್ತು ನಾಟಿ.—ಗುಂಡಿಗಳನ್ನು ಚೈತ್ರ ವೈಶಾಖಗಳಲ್ಲಿ ತೋಡಿ ಬಿಸಿಲಿಗೆ ಬಿಡಬೇಕು. ಹುಣಸೆ, ನೆಲ್ಲಿಗಳಿಗೆ ಮೂರು ಅಡಿ ಉದ್ದ, ಅಗಲ, ಆಳವೂ, ಉಳಿದವಕ್ಕೆ ಎರಡು ಅಡಿಯೂ ಸಾಕು. ಮೇಲಿನ ಒಂದು ಗೇಣು ಮಣ್ಣನ್ನು ಒಂದು ಕಡೆಗೂ ಕೆಳಗಿನ ಗರಸನ್ನು ಮತ್ತೊಂದು ಕಡೆಗೂ ಹಾಕತಕ್ಕದ್ದು. ತುಂಬುವಾಗ ಮೇಲುಮಣ್ಣು, ಕೆರೆಯ ಹೂಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಈ ಮೂರನ್ನೂ ಬೆರಸಿ, ಒಂದು ಸೇರಿನಷ್ಟು ಬೇವಿನ ಹಿಂಡಿಯನ್ನು ಕೂಡಿಸಬೇಕು. ಗರಸನ್ನು ಬದುವಿಗೆ ಉಪಯೋಗಿಸಬಹುದು. ಹಸಿ ಗೊಬ್ಬರವನ್ನೂ ಒಣ ಕಸಕಡ್ಡಿಯನ್ನೂ ಗುಂಡಿಯೊಳಕ್ಕೆ ಹಾಕುವುದು ಗೆದ್ದಲಿಗೆ ಕರೆಯೋಲೆ ಕೊಟ್ಟಂತೆ. ಮರಡಿಯಲ್ಲಿ ಎಳೆಯ ಸಸಿಗೆ ಗೆದ್ದಲೇ ದೊಡ್ಡ ಶತ್ರು.

ರೋಹಿಣಿ, ಮೃಗಶಿರಗಳ ಮೊದಲ ಮಳೆಗೆ ಆತುರದಿಂದ ನೆಡಬಾರದು. ಆ ಮಳೆ ಬಂದು ಹೋದ ಮೇಲೆ ಎಷ್ಟೋ ಸಲ ತಿಂಗಳು ಒಣ ಹೋಗುತ್ತದೆ. ಗುಂಡಿಯ ಮಣ್ಣು ಒಂದು ಮೊಳದಷ್ಟು ನೆನೆದ ಮೇಲೆ, ಸಾಧಾರಣವಾಗಿ ಪುನರ್ವಸು ಪುಷ್ಯ ಮಳೆಗಳಲ್ಲಿ, ಎಂದರೆ ಜುಲೈ ತಿಂಗಳಲ್ಲಿ ನೆಟ್ಟರೆ ಮುಂದೆ ಬರುವ ಹುಬ್ಬಿ, ಉತ್ತರೆ, ಹಸ್ತ ಮಳೆಗಳು ಅದನ್ನು ನಿಲ್ಲಿಸುತ್ತವೆ. ನರ್ಸರಿಯ ಸಸಿಯನ್ನು ನೆಡುವಾಗ ಪ್ಲಾಸ್ಟಿಕ್ ಚೀಲವನ್ನು ಸೀಳಿ ತೆಗೆಯತಕ್ಕದ್ದು. ಇದನ್ನು ಬರೆಯಬೇಕಾಗಿ ಬಂದುದೇ ವಿಷಾದಕರ. ಆದರೂ ಚೀಲದೊಂದಿಗೇ ಹೂಳಿ, ಎರಡು ವರ್ಷದ ಮೇಲೆ ಕಿತ್ತಾಗ ಬೇರು ಒಳಗೇ ಸುತ್ತಿಕೊಂಡಿರುವ ಗಿಡಗಳು ಕಡಮೆಯಿಲ್ಲ.

ಯಾವ ಗಿಡಗಳು.—ಎಲ್ಲಕ್ಕಿಂತ ಮೊದಲು ಬೋರೆಯನ್ನು ಹೇಳಬೇಕು. ಈ ಕಡೆ ಇದನ್ನು ಬಾರಿಹಣ್ಣೆಂದೂ ಕರೆಯುವರು. ಇದರ ಸಸಿಯನ್ನು ಕೊಂಡು ನೆಡುವುದಕ್ಕಿಂತ ಬೀಜವನ್ನು ಗುಂಡಿಯಲ್ಲಿಯೇ ಊರುವುದು ಮೇಲು. ಏಕೆಂದರೆ ಇದರ ತಾಯಿಬೇರು ಬಹು ಬೇಗ ಆಳಕ್ಕಿಳಿಯುತ್ತದೆ. ಚೀಲದಲ್ಲಿ ಬೆಳೆದ ಸಸಿಯಲ್ಲಿ ಆ ಬೇರು ಡೊಂಕಾಗುತ್ತದೆ ಅಥವಾ ತುಂಡಾಗುತ್ತದೆ. ಓಟೆಯನ್ನು ಮೆಲ್ಲನೆ ಒಡೆದು ಒಳಗಿನ ಬೀಜವನ್ನು ತೆಗೆದು ಗುಂಡಿಗೆ ಮೂರು ನಾಲ್ಕರಂತೆ ಊರಿದರೆ ಬೇಗ ಮೊಳೆಯುತ್ತದೆ. ಬಲವಾದುದೊಂದನ್ನು ಉಳಿಸಿ ಮುಂದಿನ ಮುಂಗಾರಿನಲ್ಲಿ, ಕಾಂಡವು ಪೆನ್ಸಿಲ್ಲಿನಷ್ಟು ದಪ್ಪವಾದ ಮೇಲೆ, ಉಮ್ರಾನ್, ಗೋಲಾ ಮುಂತಾದ ಒಳ್ಳೆಯ ಜಾತಿಯ ಕಣ್ಣನ್ನು ಕಸಿ ಮಾಡಿಸಬೇಕು.

ಇನ್ನೂ ಸುಲಭವಾದ ಮಾರ್ಗವಿದೆ. ನಿಮ್ಮ ಬದುವಿನ ಮೇಲೆ ತಾನಾಗಿ ಬೆಳೆದು, ಕೈಗೆ ಮುಳ್ಳು ಚುಚ್ಚುವುದಕ್ಕಲ್ಲದೆ ಬೇರೆ ಯಾವುದಕ್ಕೂ ಬಾರದೆಂದು ನೀವು ಎಣಿಸಿರುವ ಕಾಡುಬೋರೆಯನ್ನು ಚೈತ್ರದಲ್ಲಿ ನೆಲದ ಹತ್ತಿರಕ್ಕೆ ಕಡಿಯಿರಿ. ಮಳೆಗೆ ಒಡೆಯುವ ಚಿಗುರುಗಳಲ್ಲಿ ನೇರವಾದುದೊಂದನ್ನು ಬಿಟ್ಟು ಉಳಿದವನ್ನು ಸವರಿ, ಜುಲೈ ತಿಂಗಳಲ್ಲಿ ಅದಕ್ಕೆ ಕಣ್ಣು ಕಟ್ಟಿಸಿರಿ. ಬೇರು ಆಗಲೇ ಹತ್ತಾರು ವರ್ಷದ್ದಿರುವುದರಿಂದ ಇದಕ್ಕೆ ನೀರು ಹೊರುವ ಪ್ರಶ್ನೆಯೇ ಇಲ್ಲ. ಮರುವರ್ಷವೋ ಅದರ ಮರುವರ್ಷವೋ ಹಣ್ಣು ಕಾಣುತ್ತದೆ. ಊರಿನ ಇಬ್ಬರು ಹುಡುಗರು ಕಸಿ ಕಟ್ಟುವುದನ್ನು ಕಲಿತರೆ ಇಡೀ ಊರಿನ ಬದುಗಳೇ ತೋಟವಾದಾವು. ಈ ಕರಪತ್ರದಲ್ಲಿ ಬೇರಾವ ಮಾತನ್ನು ಮರೆತರೂ ಇದೊಂದನ್ನು ಮರೆಯಬಾರದೆಂದು ಕೋರುತ್ತೇವೆ. ಬೋರೆಯು ಆ ವರ್ಷದ ಹೊಸ ಚಿಗುರಿನಲ್ಲಿಯೇ ಹೂ ಬಿಡುವುದರಿಂದ, ಎಲೆಯುದುರಿ ನಿಂತ ಬೇಸಗೆಯಲ್ಲಿ ಪ್ರತಿವರ್ಷವೂ ಕೊಂಬೆಗಳನ್ನು ಸವರಬೇಕು. ಕಡಿದ ಮುಳ್ಳು ಬೇಲಿಗಾಗುತ್ತದೆ, ಎಲೆ ಆಡಿಗಾಗುತ್ತದೆ. ಹುಳು ಬಿದ್ದು ಉದುರಿದ ಹಣ್ಣುಗಳನ್ನು ಆರಿಸಿ ಆಳವಾಗಿ ಹೂಳದಿದ್ದರೆ ಹಣ್ಣಿನ ನೊಣವು ಮುಂದಿನ ವರ್ಷ ಹೆಚ್ಚುತ್ತದೆ.

ಎರಡನೆಯದು ಸೀತಾಫಲ. ಇದರ ಎಲೆಯನ್ನು ಮೇಕೆಯೂ ಮುಟ್ಟದು. ಮರಡಿಯಲ್ಲಿ ಇದಕ್ಕಿಂತ ದೊಡ್ಡ ಗುಣವು ಇನ್ನೇನು ಬೇಕು? ಬೇಸಗೆಯಲ್ಲಿ ಎಲೆಯುದುರಿಸಿ ಸತ್ತಂತೆ ನಿಂತು, ಮಳೆಗೆ ಚಿಗುರಿ ಹೂವಾಗುತ್ತದೆ. ಬೀಜವನ್ನು ಒಂದು ದಿನ ನೆನೆಹಾಕಿ ಊರಿದರೆ ಮೊಳೆಯುವುದಕ್ಕೆ ತಿಂಗಳಿಗೂ ಹೆಚ್ಚು ಹಿಡಿಯುತ್ತದೆ. ಕೆಟ್ಟಿತೆಂದು ಅಗೆದು ನೋಡಬಾರದು. ಮೂರು ನಾಲ್ಕು ವರ್ಷಗಳಲ್ಲಿ ಫಲ. ಬಾಲಾನಗರ ಜಾತಿಯಾಗಲಿ ನಮ್ಮ ಗುಡ್ಡದ ನಾಟಿ ಜಾತಿಯಾಗಲಿ ಈ ಕೆಲಸಕ್ಕೆ ಯೋಗ್ಯವು. ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸಹನ ಎಂಬ ಜಾತಿಯ ಹಣ್ಣು ಬಹು ದೊಡ್ಡದು, ಬೀಜ ಕಡಮೆ. ಆದರೆ ಅದಕ್ಕೆ ಹೂವಿನ ಪರಾಗವನ್ನು ಕೈಯಿಂದ ಮುಟ್ಟಿಸಬೇಕಾಗುವುದರಿಂದ ನೀರೂ ಆಳೂ ಇರುವವರಿಗೆ ಬಿಡುವುದು ಲೇಸು. ಬೀಜದ ಪುಡಿಯು ಕಣ್ಣಿಗೆ ಬಿದ್ದರೆ ತೀವ್ರ ಹಾನಿಯಾಗುವುದೆಂಬುದನ್ನು ಮಕ್ಕಳಿಗೆ ತಿಳಿಹೇಳತಕ್ಕದ್ದು.

ಮೂರನೆಯದು ನುಗ್ಗೆ. ಮಣಿಕಟ್ಟಿನಷ್ಟು ದಪ್ಪದ, ನಾಲ್ಕು ಅಡಿ ಉದ್ದದ ಕೊಂಬೆಯನ್ನು ನೆಟ್ಟರೆ ಸಾಕು. ಕಾಯಿಯನ್ನು ಮಾರುವವರು ಮಾರಲಿ. ನಾವು ಇದನ್ನು ಸೇರಿಸಿರುವುದು ಮುಖ್ಯವಾಗಿ ಸೊಪ್ಪಿಗಾಗಿ. ಜೋಳದ ರೊಟ್ಟಿ ಖಾರದ ಮೇಲೆಯೇ ದಿನಗಳೆಯುವ ಮನೆಯಲ್ಲಿ, ಬಾಣಂತಿಗೂ ಎಳೆಯ ಮಕ್ಕಳಿಗೂ ಕಬ್ಬಿಣ, ಸುಣ್ಣದ ಅಂಶ, ಕಣ್ಣಿಗೆ ಬೇಕಾದ ಎ ಜೀವಸತ್ವ ಇವುಗಳನ್ನು ಇಷ್ಟು ಸುಲಭವಾಗಿ ಒದಗಿಸತಕ್ಕ ಬೇರೆ ಸೊಪ್ಪು ಮರಡಿಯಲ್ಲಿ ದೊರೆಯುವುದು ಕಷ್ಟ. ಕಾಯಿ ಮುಗಿದೊಡನೆ ನಾಲ್ಕು ಅಡಿ ಎತ್ತರಕ್ಕೆ ಕಡಿದರೆ ಸೊಪ್ಪು ಕೈಗೆಟುಕುತ್ತದೆ, ಗಾಳಿಗೆ ಮುರಿಯುವುದೂ ತಪ್ಪುತ್ತದೆ. ನೀರು ನಿಲ್ಲುವ ತಗ್ಗಿನಲ್ಲಿ ಮಾತ್ರ ಇದು ಕೊಳೆಯುತ್ತದೆ.

ಉಳಿದವನ್ನು ಸಂಕ್ಷೇಪವಾಗಿ ಹೇಳಬಹುದು. ನೆಲ್ಲಿಯನ್ನು ಒಂಟಿಯಾಗಿ ನೆಟ್ಟರೆ ಹೂ ಬಿಟ್ಟೂ ಕಾಯಿ ಹಿಡಿಯದು. ಎರಡು ಬೇರೆ ಬೇರೆ ಜಾತಿಯವನ್ನು ಒಂದರ ಸಮೀಪದಲ್ಲೊಂದು ನೆಡಬೇಕು. ಹುಣಸೆಯ ಕಸಿಗಿಡವು ನಾಲ್ಕೈದು ವರ್ಷಕ್ಕೂ, ಬೀಜದ ಗಿಡವು ಎಂಟು ಹತ್ತು ವರ್ಷ ಕಳೆದ ಮೇಲೂ ಫಲಕ್ಕೆ ಬರುತ್ತದೆ. 30 ಅಡಿ ಜಾಗ ಬಿಟ್ಟು ಹೊಲದ ಬಡಗಣ ಅಂಚಿನಲ್ಲಿ ಒಂದನ್ನೇ ನೆಟ್ಟರೆ ಉಳಿದ ಗಿಡಗಳ ಮೇಲೆ ನೆರಳು ಬೀಳದು. ಬಳವಲದ ಮರವು ನಿಧಾನ, ಆದರೆ ನಂಬಿಗಸ್ತ. ನೇರಳೆಯು ಹಳ್ಳದ ಪಕ್ಕದ ತೇವದಲ್ಲಿ ಮಾತ್ರ. ಕರಿಬೇವು, ತೊಂಡೆಗಳನ್ನು ಮರಡಿಗೆ ಒಯ್ಯದೆ ಮನೆಯ ಬಚ್ಚಲ ನೀರಿನ ಬಳಿ ಹಾಕುವುದು. ಒಡ್ಡಿನ ಮೇಲೆ ಗೊಬ್ಬರದ ಗಿಡದ (ಗ್ಲಿರಿಸಿಡಿಯ) ಕೊಂಬೆಗಳನ್ನು ನೆಟ್ಟು, ಮಳೆಗಾಲದಲ್ಲಿ ಎರಡು ಸಲ ಸವರಿ ಸೊಪ್ಪನ್ನು ಗಿಡಗಳ ಬುಡಕ್ಕೆ ಹಾಕಿದರೆ ಬೇರೆ ಗೊಬ್ಬರವನ್ನು ಹೊತ್ತು ತರುವ ಕಷ್ಟ ಕಡಮೆಯಾಗುತ್ತದೆ. ಮೊದಲ ಮೂರು ವರ್ಷ ಗಿಡಗಳ ನಡುವೆ ಹುರುಳಿ, ಮಡಿಕೆ, ಅಲಸಂದೆಗಳನ್ನು ಬಿತ್ತಬಹುದು. ಗಿಡದ ಬುಡದಿಂದ ಮೂರು ಅಡಿ ದೂರವಿರಲಿ. ಹದಿನೈದು ಗುಂಡಿಗಳಿಗೆ ಬೋರೆ ನಾಲ್ಕು, ಸೀತಾಫಲ ನಾಲ್ಕು, ನುಗ್ಗೆ ಮೂರು, ನೆಲ್ಲಿ ಎರಡು, ಹುಣಸೆ ಒಂದು, ಬಳವಲ ಒಂದು ಎಂಬುದು ನಮ್ಮ ಸೂಚನೆ. ಹೀಗಾದರೆ ಮಳೆಗಾಲದ ಕೊನೆಯಿಂದ ಕಾರ್ತಿಕದವರೆಗೆ ಸೀತಾಫಲ, ಅನಂತರ ನೆಲ್ಲಿ, ಪುಷ್ಯ ಮಾಘಗಳಲ್ಲಿ ಬೋರೆ, ಮುಂದೆ ಹುಣಸೆ, ನುಗ್ಗೆ, ಬೇಸಗೆಯ ಕೊನೆಗೆ ಬೇಲಿಯ ಕವಳಿ ಎಂದು ಒಂದರ ಹಿಂದೊಂದು ಬರುತ್ತವೆ.

ಮರಡಿಗೆ ತರಬಾರದವು.—ಹೂವಿನಹಡಗಲಿಯ ಮಲ್ಲಿಗೆಯ ಪರಿಮಳವು ನಾಡಿಗೆಲ್ಲ ತಿಳಿದುದೇ. ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಆದರೆ ಅದು ಭಾವಿಯ ನೀರಿನ ಬೆಳೆ, ದಿನವೂ ಬೆಳಗಿನ ಜಾವಕ್ಕೆ ಕೈ ಬೇಡುವ ಬೆಳೆ. ದಾಳಿಂಬೆಯ ಬೆಲೆಯನ್ನು ಕೇಳಿ ಅನೇಕರು ಆಸೆಪಡುವರು. ದುಂಡಾಣುವಿನ ಅಂಗಮಾರಿ ರೋಗದಿಂದ ಉತ್ತರ ಕರ್ಣಾಟಕದಲ್ಲಿ ಎಷ್ಟು ದಾಳಿಂಬೆ ತೋಟಗಳು ಹೋದುವೆಂಬುದನ್ನೂ, ಔಷಧಿ ಸಿಂಪಡಿಸುವ ಖರ್ಚನ್ನೂ ವಿಚಾರಿಸಿಕೊಂಡು ಮುಂದುವರಿಯಲಿ. ಬಾಳೆ, ಪರಂಗಿ, ತೆಂಗುಗಳ ಮಾತನ್ನು ಇಲ್ಲಿ ಎತ್ತುವುದೇ ಬೇಡ.

ಮೊದಲ ಎರಡು ಬೇಸಗೆಗಳು.—ತೋಟದ ಭವಿಷ್ಯವೆಲ್ಲವೂ ಇಲ್ಲಿದೆ. ಕಟ್ಟಳೆಯಂತೆ ತೋಟವು ಒಡೆಯನಿಲ್ಲದೆ ಬಾಳಬೇಕು, ಸರಿಯೇ. ಆದರೆ ಎರಡು ಬೇಸಗೆಗಳನ್ನು ದಾಟದ ಬೇರಿಗೆ ಆ ಶಕ್ತಿ ಬಂದಿರುವುದಿಲ್ಲ. ಹದಿನೈದು ಗಿಡಗಳಿಗೆ ವಾರಕ್ಕೆರಡು ಸಲ ಒಂದೊಂದು ಕೊಡದಂತೆ ಹಾಕಿದರೆ ವಾರಕ್ಕೆ 30 ಕೊಡ ನೀರು ಬೇಕು. ಎತ್ತಿನ ಗಾಡಿಯಲ್ಲಾದರೆ ಎರಡು ಮೂರು ಪೀಪಾಯಿ. ನೀರನ್ನು ಮೇಲೆ ಸುರಿಯುವುದಕ್ಕಿಂತ, ಕುಂಬಾರರಿಂದ ಬಾಯಿ ಕಿರಿದಾದ, ಹೊಳಪಿಲ್ಲದ ಮಡಕೆಯನ್ನು ತಂದು, ಗಿಡದಿಂದ ಒಂದು ಅಡಿ ದೂರದಲ್ಲಿ ಕಂಠದವರೆಗೆ ಹೂಳಿ, ತುಂಬಿ, ಮೇಲೆ ಕಲ್ಲು ಮುಚ್ಚುವುದು ಉತ್ತಮವು. ನೀರು ಮಡಕೆಯ ಮೈಯಿಂದ ಒಸರಿ ಬೇರಿಗೇ ಹೋಗುತ್ತದೆ. ಕಳೆಗೂ ಬಿಸಿಲಿಗೂ ಪಾಲಿಲ್ಲ. ಎರಡನೆಯ ಬೇಸಗೆಗೆ ಹದಿನೈದು ದಿನಕ್ಕೊಮ್ಮೆ ತುಂಬಿದರೆ ಸಾಕು, ಮೂರನೆಯದಕ್ಕೆ ನಿಲ್ಲಿಸಬೇಕು.

ಹಾಗಾದರೆ ಗುಳೆ ಹೋಗುವ ಮನೆಯವರು ಏನು ಮಾಡಬೇಕು? ಇಲ್ಲಿಯೇ ಹಿಂದೆ ಮಾಡಿದ ಪ್ರಯತ್ನಗಳು ಮುರಿದುಬಿದ್ದುವು. ಸಸಿ ಹಂಚಿದವರಿದ್ದರು, ಗುಂಡಿಗೆ ಕೂಲಿ ಕೊಟ್ಟವರಿದ್ದರು. ಫಾಲ್ಗುಣದಲ್ಲಿ ನೀರು ಹಾಕತಕ್ಕವನು ಯಾರೆಂಬುದನ್ನು ಮಾತ್ರ ಯಾರೂ ನಿರ್ಣಯಿಸಿರಲಿಲ್ಲ. ಒಂದೇ ಮಗ್ಗುಲಿನ ಮರಡಿಯ ನಾಲ್ಕೈದು ಮನೆಯವರು ಕೂಡಿ ತೋಟವನ್ನು ಆರಂಭಿಸಿ, ಅವರಲ್ಲಿ ಊರಲ್ಲಿ ಉಳಿಯುವ ಒಂದು ಮನೆಗೆ ಎಲ್ಲರ ಗಿಡಗಳಿಗೂ ನೀರು ಹಾಕುವ ಕೆಲಸವನ್ನು ವಹಿಸಿ, ಅದಕ್ಕೆ ತಕ್ಕ ಕೂಲಿಯನ್ನೋ ಮುಂದಿನ ಫಲದಲ್ಲಿ ಪಾಲನ್ನೋ ಗಿಡ ನೆಡುವ ಮೊದಲೇ ಗೊತ್ತುಮಾಡತಕ್ಕದ್ದು. ಅನೇಕ ವೇಳೆ ಊರಲ್ಲಿ ಉಳಿಯುವವರು ಮುದುಕರು ಮತ್ತು ಮಕ್ಕಳು. ಅವರ ಮೇಲೆ 30 ಕೊಡದ ಹೊರೆಯನ್ನು ಹೊರಿಸುವುದು ನ್ಯಾಯವಲ್ಲ. ಗಾಡಿಯ ವ್ಯವಸ್ಥೆ ಆಗದಿದ್ದಲ್ಲಿ ಗುಂಡಿಗಳನ್ನು ಹದಿನೈದರಿಂದ ಆರಕ್ಕೆ ಇಳಿಸಿ, ಬದುವಿನ ಕಾಡುಬೋರೆಗೆ ಕಸಿ ಕಟ್ಟುವುದನ್ನೇ ಮುಖ್ಯವಾಗಿ ಹಿಡಿಯಲಿ.

ಊರ ಹಿರಿಯರಲ್ಲಿ ವಿಜ್ಞಾಪನೆ.—ಮರಡಿಗೆ ಬೇಲಿ ಬಿದ್ದರೆ ಕುರಿಗಾರರಿಗೆ ಕಷ್ಟವಾಗುತ್ತದೆ. ತಲೆಮಾರುಗಳಿಂದ ಸುಗ್ಗಿಯ ನಂತರ ಆ ನೆಲದಲ್ಲಿ ಮೇಯಿಸಿದವರಿಗೆ ಒಂದು ಬೆಳಿಗ್ಗೆ ಮುಳ್ಳು ಎದುರಾದರೆ ಜಗಳವಾಗುವುದು ಸ್ವಾಭಾವಿಕ. ಜಗಳವಾದ ರಾತ್ರಿ ಬೇಲಿಗೆ ಬೆಂಕಿ ಬಿದ್ದರೆ ಆಶ್ಚರ್ಯಪಡಬೇಕಾದ್ದಿಲ್ಲ. ಆದುದರಿಂದ ಗೌಡರೂ ಪಂಚಾಯತಿಯವರೂ ಬೇಲಿಗೆ ಮೊದಲೇ ಕುರಿಗಾರರನ್ನು ಕರೆಸಿ ಕೂರಿಸಿ, ನೀರಿನ ತಾವಿಗೆ ಹೋಗುವ ಹಾದಿಯನ್ನು ಹತ್ತು ಹನ್ನೆರಡು ಗಜ ಅಗಲ ಬಿಡಿಸತಕ್ಕದ್ದು. ಇಡೀ ಗುಡ್ಡವನ್ನು ಒಂದೇ ವರ್ಷ ಮುಚ್ಚದೆ ಭಾಗಭಾಗವಾಗಿ ಹಿಡಿಯಬೇಕು. ಗಿಡಗಳು ಮೇಕೆಯ ಬಾಯಿಗೆ ಎಟುಕದಷ್ಟು ಬೆಳೆದ ಮೇಲೆ, ಹಣ್ಣು ಮುಗಿದ ಕಾಲದಲ್ಲಿ ಮಂದೆಯನ್ನು ರಾತ್ರಿ ಒಳಗೆ ತಂಗಿಸಿದರೆ ಕುರಿಗೆ ಉದುರಿದೆಲೆ, ತೋಟಕ್ಕೆ ಗೊಬ್ಬರ. ಈ ಕರಾರಿನಿಂದ ಇಬ್ಬರಿಗೂ ಲಾಭವಿದೆ. ಬೆಂಕಿಯ ವಿಷಯದಲ್ಲಿ, ಮಾಘ ಮಾಸದಲ್ಲಿ ಬೇಲಿಯ ಹೊರಗಡೆ ಎಂಟು ಅಡಿ ಅಗಲಕ್ಕೆ ಹುಲ್ಲನ್ನು ಕೆತ್ತಿಸುವುದು ಅವಶ್ಯಕ.

ಇನ್ನೊಂದು ಸಂಗತಿ. ಒಡೆತನ ಒಬ್ಬರದು, ಸಾಗುವಳಿ ಮತ್ತೊಬ್ಬರದು ಆಗಿರುವ ಜಮೀನುಗಳಲ್ಲಿ ನೀರು ಹೊತ್ತವನಿಗೆ ಹಣ್ಣಿನ ಹಕ್ಕು ಉಂಟೋ ಇಲ್ಲವೋ ಎಂಬುದು ಐದು ವರ್ಷದ ಮೇಲೆ ವ್ಯಾಜ್ಯವಾಗುತ್ತದೆ. ಹುರುಳಿಯ ಪಾಲಿಗೆ ಬಾಯಿಮಾತು ಸಾಕು, ಹುಣಸೆಯ ಪಾಲಿಗೆ ಸಾಲದು. ಎಷ್ಟು ಗಿಡ, ಯಾರ ಪಾಲು ಎಷ್ಟು, ಎಷ್ಟು ವರ್ಷದವರೆಗೆ ಎಂಬುದನ್ನು ಬರೆಯಿಸಿ, ಸಾಗುವಳಿ ಮಾಡುವವನ ಹೆಂಡತಿಯ ಹೆಸರನ್ನೂ ಅದರಲ್ಲಿ ಸೇರಿಸುವುದು ಯುಕ್ತ. ನೀರು ಹೊರುವವಳು ಹೆಚ್ಚಾಗಿ ಅವಳೇ.

ಮೂರನೆಯ ವರ್ಷದ ಪುನರ್ವಸು ಮಳೆಗೆ ಗಿಡಗಳನ್ನು ಎಣಿಸಿ ನೋಡತಕ್ಕದ್ದು. ಹದಿನೈದರಲ್ಲಿ ಹತ್ತು ಉಳಿದಿದ್ದರೆ ಅಸಮಾಧಾನಪಡಬೇಕಾದ್ದಿಲ್ಲ. ಸತ್ತ ಗಿಡದ ಗುಂಡಿಯನ್ನು ಅಗೆದು ಕಾರಣವನ್ನು ನೋಡಬೇಕು: ಬೇರು ತಿಂದಿದ್ದರೆ ಗೆದ್ದಲು, ಕೊಳೆತಿದ್ದರೆ ಕೆಳಗೆ ಬಂಡೆ, ಒಣಗಿ ಗಟ್ಟಿಯಾಗಿದ್ದರೆ ನೀರಿನ ಕೊರತೆ. ಬಂಡೆಯಿದ್ದ ಗುಂಡಿಯನ್ನು ಬಿಟ್ಟುಬಿಟ್ಟು, ಉಳಿದವುಗಳಲ್ಲಿ ಹಿಂದಿನ ಗಿಡವನ್ನೇ ಪುನಃ ನೆಡದೆ, ಒಡೆದ ಬೋರೆಯ ಬೀಜವನ್ನು ನಾಲ್ಕು ನಾಲ್ಕರಂತೆ ಊರತಕ್ಕದ್ದು.